ಕಾಪುವಿನ ಕುದುರೆಗೆ ಎಂಥ ಜೀನು?

ಸತ್ತ ಕುದುರೆಯ ಬಾಲಕ್ಕೂ ದುಡ್ಡು ಹುಟ್ಟುತ್ತಿದ್ದ ಕಾಲವೊಂದಿತ್ತು. ವಿಜಯನಗರದ ಸಾಳುವ ನರಸಿಂಹ ಹೋರ್ಮುಜ್, ಏಡನ್ ಕಡೆಯಿಂದ ಬರುವ ಕುದುರೆಗಳನ್ನು ಸಾವಿರ ಪರ್ದಾವು ನಾಣ್ಯಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲೇ ಸತ್ತದ್ದಾದರೆ ಬಾಲವನ್ನಷ್ಟೇ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಎಣಿಸುತ್ತಿದ್ದನಂತೆ. 1535ರ ಸುಮಾರಿಗೆ ಇದನ್ನು ಬರೆದಿಟ್ಟ ಪೋರ್ಚುಗೀಸ್ ನುನಿಜ್ ತಾನೇ ಕುದುರೆ ವ್ಯಾಪಾರಿ. ಅಂಥ ಗಿರಾಕಿ ತನ್ನ ಕಾಲಕ್ಕೆ ಸಿಗಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚೂ ಆ ಬರಹದಲ್ಲಿ ಇದ್ದೀತು ಎಂದು ನನ್ನ ಗುಮಾನಿ.

ಆ ಕುದುರೆಗಳು ಇಳಿದದ್ದು ಭಟ್ಕಳದಂಥ ನಮ್ಮ ಕರಾವಳಿಯ ಬಂದರುಗಳಲ್ಲಿ. ಇಳಿದವು, ಘಟ್ಟ ಹತ್ತಿದವು, ಹೋದವು. ಕರಾವಳಿ ಅವನ್ನು ಇಟ್ಟುಕೊಳ್ಳಲಿಲ್ಲ. 1340ರ ದಶಕದಲ್ಲಿ ಬಾರಕೂರನ್ನು ಹಾದುಹೋದ ಇಬ್ನ್ ಬತೂತ ಈ ಸೀಮೆಯಲ್ಲಿ ಪ್ರಾಣಿಯ ಮೇಲೆ ಕೂತು ಹೋಗುವವರೇ ಇಲ್ಲ, ಕುದುರೆ ಇರುವುದು ಅರಸನೊಬ್ಬನ ಬಳಿ, ಉಳಿದವರದು ಡೋಲಿ ಇಲ್ಲವೇ ಕಾಲ್ನಡಿಗೆ ಎಂದು ಬರೆದ. ಭಾರವನ್ನೆಲ್ಲ ಮನುಷ್ಯರೇ ಹೊರುತ್ತಿದ್ದರು.

ಇಂಥ ನಾಡಿಗೆ ನಾನು ಹೊರಟದ್ದು ಒಂದು ಜೀನು ನೋಡಲು. ಮಣಿಪಾಲದಲ್ಲಿ ಕೆಲಸಕ್ಕಿರುವ ಅಕ್ಕನ ಮಗಳಿಗೆ ಕುದುರೆ ಸವಾರಿಯ ಹುಚ್ಚು. ಕಾಪು ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿ ಸುತ್ತಾಡಿಸುವವರೊಬ್ಬರ ಬಳಿ ಅವಳು ಕಲಿಯುತ್ತಿದ್ದಾಳೆ. ಈಚೆಗೆ ತರಿಸಿಕೊಂಡ ಜೀನಿನೊಳಗೆ ಮರವೇ ಇಲ್ಲವೆಂದೂ, ಅದನ್ನು ಕಂಡರೆ ಕುದುರೆಯ ಯಜಮಾನರಿಗೆ ಆಗುವುದೇ ಇಲ್ಲವೆಂದೂ ಫೋನಿನಲ್ಲಿ ಹೇಳಿದ್ದಳು. “ಮಾಮ, ನೀವೇ ಬಂದು ನೋಡಿ ಹೇಳಿ” ಎಂದಳು. ಬಯಲುಸೀಮೆಯವನಾದ ನಾನು ಕುದುರೆ ಬಲ್ಲವನೆಂಬುದು ಅವಳ ಬಾಲ್ಯದ ನಂಬಿಕೆ. ಅದನ್ನು ಕೆಡಿಸಲು ನಾನು ಹೋಗಲಿಲ್ಲ.

ಮೊದಲು ಸಿಕ್ಕ ಕುದುರೆ ಉಡುಪಿಯ ರಥಬೀದಿಯದು. ಅಂದು ಸಂಜೆ ಉತ್ಸವ. ಚೆಂಡೆಯ ಹಿಂದೆ ಎತ್ತರದ ಬೊಂಬೆಗಳಾದ ತಟ್ಟಿರಾಯರು ತೂಗಾಡಿಕೊಂಡು ಬಂದರು; ಅವರ ಹಿಂದೆ ಕೀಲುಕುದುರೆ. ಬಿದಿರು ಬೆತ್ತದ ಹಂದರಕ್ಕೆ ಬಟ್ಟೆ ಹೊದಿಸಿ, ಮುಂದೆ ಮುಖ ಹಿಂದೆ ಬಾಲ ಕಟ್ಟಿ, ನಡುವಿನ ತೂತಿನಲ್ಲಿ ಮನುಷ್ಯ ನಿಂತಿರುತ್ತಾನೆ. ಸವಾರನೂ ಅವನೇ, ಕುದುರೆಯ ಕಾಲೂ ಅವನದೇ. ಹಿಂದೆ ಎಷ್ಟೋ ಸಲ ನೋಡಿದ್ದೆ, ಆದರೆ ಆ ಹಂದರ ಅವನ ಮೈಮೇಲೆ ಎಲ್ಲಿ ಕೂತಿರುತ್ತದೆ ಎಂದು ಯೋಚಿಸಿರಲಿಲ್ಲ. ಕುಣಿತ ಮುಗಿದು ಬದಿಗೆ ಬಂದವನನ್ನು ಕೇಳಿದೆ. ಅಂಗಿಯ ಕುತ್ತಿಗೆ ಸರಿಸಿ ತೋರಿಸಿದ. ಎರಡೂ ಹೆಗಲ ಮೇಲೆ ಪಟ್ಟಿಯ ಗುರುತು ಕೆಂಪಗೆ ಎದ್ದಿತ್ತು. “ಭಾರ ಏನಿಲ್ಲ ಮಾರಾಯ್ರೆ, ಹಗುರವೇ. ಆದ್ರೆ ಇಡೀ ಭಾರ ಈ ಎರಡು ಪಟ್ಟಿಯಲ್ಲಿ ಉಂಟಲ್ಲ, ಅದು ತಿನ್ನುದು. ಬೈರಾಸು ಮಡಚಿ ಅಡಿಯಲ್ಲಿ ಇಟ್ರೆ ಒಂದು ಗಂಟೆ ಹೆಚ್ಚು ಕುಣಿಯಬಹುದು.”

ಜೀನಿನ ಶಾಸ್ತ್ರವೆಲ್ಲ ಈ ಮಾತಿನಲ್ಲಿದೆ ಎಂದು ನನಗೆ ಹೊಳೆದದ್ದು ಮಾರನೆಯ ದಿನ ಮಣಿಪಾಲದಲ್ಲಿ. ಅಕ್ಕನ ಮಗಳ ಕೋಣೆಯಲ್ಲಿ ಎರಡು ಜೀನುಗಳು ಅಕ್ಕಪಕ್ಕ ಇದ್ದವು. ಒಂದು ಯಜಮಾನರಿಂದ ಎರವಲು ತಂದ ಹಳೆಯದು, ಕಾನ್ಪುರದ ಮಾಲು. ಜಗತ್ತಿನ ಎಷ್ಟೋ ಲಾಯಗಳಿಗೆ ಜೀನು ಹೊಲಿದು ಕಳಿಸುವ ಊರು ಅದು. ಚರ್ಮದ ಮೇಲೆ ಬೂಷ್ಟು ಹಿಡಿದಿತ್ತು. ಈ ಜಿಲ್ಲೆಯ ಮಳೆಗಾಲ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ಜೀನನ್ನು ಬಿಟ್ಟೀತೆ? ಒತ್ತಿ ನೋಡಿದೆ, ಬಗ್ಗಲಿಲ್ಲ. ಒಳಗೆ ಮರದ ಚೌಕಟ್ಟು: ಮುಂದೊಂದು ಕಮಾನು, ಹಿಂದೊಂದು, ಎರಡನ್ನೂ ಸೇರಿಸುವ ಎರಡು ಪಕ್ಕೆಹಲಗೆಗಳು. ಹಲಗೆಗಳು ಕುದುರೆಯ ಬೆನ್ನೆಲುಬಿನ ಎಡಬಲಕ್ಕೆ, ಉದ್ದಕ್ಕೆ ಓಡುವ ಸ್ನಾಯುಗಳ ಮೇಲೆ ಕೂರುತ್ತವೆ. ನಡುವೆ ಕಾಲುವೆಯಂತೆ ಬಿಟ್ಟ ಜಾಗದಲ್ಲಿ ಬೆನ್ನೆಲುಬಿಗೆ ಏನೂ ತಾಗುವುದಿಲ್ಲ. ರಿಕಾಪುಗಳನ್ನು ನೇತುಹಾಕುವ ಕಬ್ಬಿಣವೂ ಈ ಚೌಕಟ್ಟಿಗೇ ಬಿಗಿದಿರುತ್ತದೆ. ಸವಾರ ರಿಕಾಪಿನ ಮೇಲೆ ಎದ್ದು ನಿಂತರೆ ಆ ಭಾರ ಒಂದೆಡೆ ಇಳಿಯದೆ ಹಲಗೆಯ ಉದ್ದಕ್ಕೂ ಹಂಚಿಹೋಗುತ್ತದೆ.

ಇನ್ನೊಂದು ಅವಳ ಹೊಸದು. ಎತ್ತಿದರೆ ಹಗುರ. ಎರಡೂ ಅಂಚು ಹಿಡಿದು ಮಡಚಿದಳು, ಹಾಸಿಗೆಯ ಸುರುಳಿಯಂತೆ ಮಡಚಿಕೊಂಡಿತು. ಒಳಗೆ ದಪ್ಪ ಫೋಮು, ಹೊರಗೆ ಕೃತಕ ಚರ್ಮ. ಮುಂದುಗಡೆಯ ಸಣ್ಣ ಕಮಾನನ್ನು ಬಿಟ್ಟರೆ ಗಟ್ಟಿಯಾದದ್ದು ಏನೂ ಇಲ್ಲ. “ಕುದುರೆಯ ಬೆನ್ನು ವರ್ಷವೆಲ್ಲ ಒಂದೇ ಥರ ಇರುದಿಲ್ಲ ಮಾಮ” ಎಂದಳು. ಅವಳ ಕನ್ನಡ ಆಗಲೇ ಉಡುಪಿಯದಾಗಿತ್ತು. “ಹುಲ್ಲು ಸಿಕ್ಕಿದ್ರೆ ತುಂಬಿಕೊಳ್ತದೆ, ಬೇಸಿಗೆಗೆ ಇಳೀತದೆ, ವಯಸ್ಸಾದ್ರೆ ಬೆನ್ನು ಬಾಗ್ತದೆ. ಮರದ ಜೀನು ಒಂದೇ ಅಳತೆಯದ್ದು. ಇದು ಹಾಗಲ್ಲ, ಬೆನ್ನು ಹೇಗಿದ್ರೆ ಹಾಗೆ ಕೂರ್ತದೆ.”

ಅವಳ ಮಾತಿನಲ್ಲಿ ಹುರುಳಿತ್ತು. ಅಳತೆ ತಪ್ಪಿದ ಚೌಕಟ್ಟಿನಷ್ಟು ಕೆಟ್ಟದ್ದು ಕುದುರೆಗೆ ಬೇರೊಂದಿಲ್ಲ. ಕಮಾನು ಇಕ್ಕಟ್ಟಾದರೆ ಹೆಗಲನ್ನು ಇಕ್ಕಳದಂತೆ ಹಿಡಿಯುತ್ತದೆ, ಕುದುರೆ ಹೆಜ್ಜೆ ಚಿಕ್ಕದಾಗಿಸುತ್ತದೆ. ಅಗಲವಾದರೆ ಜೀನು ಕುಸಿದು ಬೆನ್ನೆಲುಬನ್ನೇ ಮುಟ್ಟುತ್ತದೆ. ಬೆನ್ನು ಬಾಗಿದ ಕುದುರೆಯ ಮೇಲೆ ನೆಟ್ಟಗಿನ ಹಲಗೆ ಮುಂದೆ ಹಿಂದೆ ಮಾತ್ರ ತಾಗಿ, ನಡುವೆ ಸಂಕದಂತೆ ನಿಂತುಬಿಡುತ್ತದೆ. 1955ರಿಂದ ನಡೆಯುತ್ತಿರುವ ಅಮೆರಿಕದ ಟೆವಿಸ್ ಕಪ್‌ನಂಥ ನೂರು ಮೈಲಿಯ ಸವಾರಿಗಳಲ್ಲಿ ಬೆನ್ನು ನೋವಿನ ಕುದುರೆ ಅರ್ಧದಾರಿಯಲ್ಲೇ ಉಳಿಯುತ್ತದೆ. ದೂರ ಸವಾರಿಯವರಲ್ಲಿ ಅನೇಕರು ಚೌಕಟ್ಟಿಲ್ಲದ ಜೀನಿನತ್ತ ತಿರುಗಿದ್ದು ಹೀಗೆ ಅಳತೆ ಹೊಂದಿಸಿ ಹೊಂದಿಸಿ ಬೇಸತ್ತ ಮೇಲೆ.

ಹೊಸದೆಂದು ಕರೆಯುವುದೂ ಅಷ್ಟು ಸರಿಯಲ್ಲ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ, ಪಾಜಿರಿಕ್ ಎಂಬಲ್ಲಿನ ಸಮಾಧಿಗಳಲ್ಲಿ, ಹಿಮದೊಳಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕೆಡದೆ ಉಳಿದ ಜೀನುಗಳು ಸಿಕ್ಕಿವೆ. ಅವು ಎರಡು ಮೆತ್ತೆಗಳು, ಬೆನ್ನೆಲುಬಿನ ಆಚೆ ಒಂದು ಈಚೆ ಒಂದು. ರಿಕಾಪು ಇಲ್ಲ. ರಿಕಾಪು ಬಂದ ಮೇಲೆಯೇ ಗಟ್ಟಿ ಚೌಕಟ್ಟಿಗೆ ನಿಜವಾದ ಕೆಲಸ ಸಿಕ್ಕಿದ್ದು. ಮೆತ್ತೆಗೆ ರಿಕಾಪು ಕಟ್ಟಿದರೆ ಎರಡೂ ಕಾಲಿನ ಭಾರವನ್ನು ಹೊತ್ತ ಪಟ್ಟಿ ಕುದುರೆಯ ಬೆನ್ನಿನ ಮೇಲೆ ಅಡ್ಡಲಾಗಿ ಬಿಗಿಯುತ್ತದೆ. ರಥಬೀದಿಯವನ ಕೆಂಪು ಹೆಗಲು ನೆನಪಾಯಿತು.

ನನ್ನ ಅನುಮಾನ ಹೇಳಿದೆ. ಅವಳಿಗೆ ಗೊತ್ತಿತ್ತು. 2012ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹಿಲರಿ ಕ್ಲೇಟನ್ ಮತ್ತು ಸಂಗಡಿಗರು ಜೀನಿನಡಿ ಒತ್ತಡ ಅಳೆಯುವ ಚಾಪೆ ಹಾಸಿ ಎರಡೂ ಬಗೆಯನ್ನು ಹೋಲಿಸಿದ್ದರು, ಸವಾರ ಕೂತೇ ಇರುವ ದುಡುಕಿ ಓಟದಲ್ಲಿ. ಚೌಕಟ್ಟಿರುವ ಜೀನಿನಡಿ ಭಾರ ಹೆಚ್ಚು ಜಾಗಕ್ಕೆ ಹರಡಿತ್ತು. ಇಲ್ಲದ್ದರಡಿ ಸವಾರನ ಕುಂಡೆಯ ಕೆಳಗೆ, ನಡುಭಾಗದಲ್ಲಿ ಒತ್ತಡ ಗುಡ್ಡೆಯಾಗಿತ್ತು. “ಅದಕ್ಕೇ ಅಡಿಗೆ ಬೇರೆ ಪ್ಯಾಡ್ ಹಾಕ್ಬೇಕು” ಎಂದು ಬೆರಳು ದಪ್ಪದ ಇನ್ನೊಂದು ಹಾಸನ್ನು ತೆಗೆದಳು. ಅದರಲ್ಲಿ ಎರಡು ಗಟ್ಟಿ ಪಟ್ಟೆಗಳಿದ್ದವು, ನಡುವೆ ಖಾಲಿ ಕಾಲುವೆ. ಬಾಗಿಲಿಂದ ಹೊರಹಾಕಿದ ಚೌಕಟ್ಟು ಕಿಟಕಿಯಿಂದ ಒಳಬಂದಿತ್ತು.

ಕಾಪುವಿಗೆ ನಾವು ಬೆಳಗಾಗುವ ಮೊದಲೇ ತಲುಪಿದೆವು. ಉಡುಪಿಯಿಂದ ಹೆದ್ದಾರಿಯಲ್ಲಿ ಅರ್ಧ ಗಂಟೆ ಸಾಕು. 1901ರ ದೀಪಸ್ತಂಭ ಕಡಲಿಗೆ ಚಾಚಿದ ಬಂಡೆಯ ಮೇಲೆ ನಿಂತು ಇನ್ನೂ ಬೆಳಕು ತಿರುಗಿಸುತ್ತಿತ್ತು. ಅದರ ಕೆಳಗೆ, ಒದ್ದೆ ಮರಳಿನಲ್ಲಿ, ಎರಡು ಕುದುರೆಗಳು. ಮೀನು, ಉಪ್ಪು, ಲದ್ದಿ ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುವ ಜಾಗ ಜಗತ್ತಿನಲ್ಲಿ ಎಷ್ಟಿದ್ದಾವು?

ಒಂದು ಕುದುರೆ ಉದ್ದ ಕಾಲಿನದು, ರೇಸಿನಲ್ಲಿ ಓಡಿ ನಿವೃತ್ತಿಯಾಗಿ ಕೈಯಿಂದ ಕೈಗೆ ದಾಟುತ್ತ ಇಲ್ಲಿ ಮುಟ್ಟಿದ್ದು. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎಲುಬು ಏಣಾಗಿ ಎದ್ದಿತ್ತು. ಇನ್ನೊಂದು ತಟ್ಟು, ಪೀಪಾಯಿಯ ಹಾಗೆ ಗುಂಡಗೆ. ಏಣು ಹುಡುಕಿದರೂ ಸಿಗದು. ಯಜಮಾನರು ಐವತ್ತರ ಆಸುಪಾಸಿನವರು. ಅಕ್ಕನ ಮಗಳು ಅವರನ್ನು ಅಣ್ಣ ಎನ್ನುತ್ತಾಳೆ, ಅವರು ಅವಳನ್ನು ಮೇಡಂ ಎನ್ನುತ್ತಾರೆ.

“ಸರ್, ಆ ಹಾಸಿಗೆಯನ್ನು ತಟ್ಟಿನ ಮೇಲೆ ಹಾಕಿ ಕೂರ್ಲಿಕ್ಕೆ ನೋಡಿ, ಗೊತ್ತಾಗ್ತದೆ” ಎಂದರು. ಹಾಕಿದೆವು, ಹೊಟ್ಟೆಯ ಸುತ್ತ ತಂಗಿನ ಪಟ್ಟಿ ಬಿಗಿದೆವು. ಎಡ ರಿಕಾಪಿಗೆ ಕಾಲಿಟ್ಟು ನಾನು ಮೈಯೆತ್ತಿದ್ದೇ ತಡ, ಇಡೀ ಜೀನು ನನ್ನ ಕಡೆಗೆ ಮೆಲ್ಲಗೆ ಜಾರಿ ಬಂತು. ಕುದುರೆ ತಿರುಗಿ ನೋಡಿದ ನೋಟದಲ್ಲಿ ಗೌರವವಿರಲಿಲ್ಲ. ಏಣಿಲ್ಲದ ಗುಂಡು ಬೆನ್ನಿನ ಮೇಲೆ ಹಿಡಿತಕ್ಕೆ ಚೌಕಟ್ಟೂ ಇಲ್ಲವೆಂದರೆ ಆಗುವುದು ಹೀಗೆ. ಬಿಗಿ ಸಾಲದೆಂದು ತಂಗನ್ನು ಇನ್ನೂ ಎಳೆದರೆ ಅದು ಇನ್ನೊಂದು ಹಿಂಸೆ. “ದಿನಕ್ಕೆ ಎಷ್ಟು ಜನ ಹತ್ತಿ ಇಳೀತಾರೆ, ಲೆಕ್ಕ ಇಲ್ಲ. ಎಲ್ಲರೂ ಜೀನು ಹಿಡಿದು ಜಗ್ಗಿಯೇ ಹತ್ತುದು. ತೊಂಬತ್ತು ಕಿಲೋದವ್ರೂ ಬರ್ತಾರೆ. ಅವ್ರು ಇದ್ರಲ್ಲಿ ಹತ್ತಿದ್ರೆ ಕುದುರೆಯ ಹೊಟ್ಟೆಯ ಅಡಿಯಲ್ಲಿ ಇರ್ತಾರೆ.” ವಾದಕ್ಕೆ ಎದುರುತ್ತರ ಇರಲಿಲ್ಲ.

ಆಮೇಲೆ ಅವಳದೇ ಸರದಿ. ರೇಸಿನ ಕುದುರೆಗೆ ದಪ್ಪ ಹಾಸು, ಅದರ ಮೇಲೆ ಹೊಸ ಜೀನು. ಏಣಿನ ಮೇಲೆ ಎರಡು ಬೆರಳು ತೂರಿಸಿ ಜಾಗ ಇದೆಯೆಂದು ಖಾತ್ರಿ ಮಾಡಿಕೊಂಡಳು. ನೆಲದಿಂದ ಹತ್ತದೆ ಬಂಡೆಯ ಪಕ್ಕಕ್ಕೆ ಕುದುರೆಯನ್ನು ನಿಲ್ಲಿಸಿ, ಮೇಲಿಂದ ಕಾಲು ದಾಟಿಸಿ ಕೂತಳು. ಒಂದು ಸುತ್ತು ಹೋಗಿ ಬಂದು ನನ್ನನ್ನೂ ಹಾಗೇ ಕೂರಿಸಿದಳು.

ಅಲ್ಲಿಯವರೆಗೆ ನಾನು ಕುದುರೆ ಹತ್ತಿರಲಿಲ್ಲವೆಂದಲ್ಲ. ಆದರೆ ಕುದುರೆಯ ಮೇಲೆ ಕೂತದ್ದು ಅದೇ ಮೊದಲು ಅನಿಸಿತು. ಹಿಂದೆಲ್ಲ ಕೂತದ್ದು ಕುರ್ಚಿಯ ಮೇಲೆ, ಕುರ್ಚಿ ಕುದುರೆಯ ಮೇಲಿತ್ತು. ಈಗ ತೊಡೆಗಳ ನಡುವೆ ಬಿಸಿ. ಉಸಿರೆಳೆದಾಗ ಪಕ್ಕೆ ಉಬ್ಬುವುದು ಕಾಲಿಗೆ ತಿಳಿಯಿತು. ಎಡ ಹಿಂಗಾಲು ಮುಂದೆ ಬರುವಾಗ ನನ್ನ ಎಡ ಸೊಂಟ ತಾನಾಗಿ ಇಳಿದು, ಬಲದ್ದು ಏರಿತು. ನಾನೇ ನಾಲ್ಕು ಕಾಲಲ್ಲಿ ನಡೆಯುತ್ತಿದ್ದೇನೆಂಬ ಭ್ರಮೆ. ಅಲೆಯೊಂದು ಗೊರಸಿನಡಿ ನುಗ್ಗಿದಾಗ ಕುದುರೆಯ ಬೆನ್ನಿಡೀ ಬಿಗಿಯಾದದ್ದು ಅದರ ಕಿವಿ ನಿಗುರುವ ಮುಂಚೆಯೇ ನನಗೆ ತಿಳಿಯಿತು. ದೇವರೇ, ಇಷ್ಟು ಮಾತಾಡುವ ಪ್ರಾಣಿಯೇ ಇದು! ನಾನು ಬಲಕ್ಕೆ ನೋಡಿದೆ, ಅಷ್ಟಕ್ಕೇ ಅದು ಬಲಕ್ಕೆ ತಿರುಗಿತು. ಲಗಾಮು ಮುಟ್ಟಿರಲಿಲ್ಲ.

ದುಡುಕಿ ಓಟಕ್ಕೆ ಬಿದ್ದಾಗ ಸಂಭ್ರಮ ಅರ್ಧವಾಯಿತು. ಮೇಲೆ ಹಾರಿ ಕೆಳಗೆ ಬೀಳುವ ನನ್ನ ಭಾರವೆಲ್ಲ ಒಂದೇ ಕಡೆ ಗುದ್ದುತ್ತಿತ್ತು. ನನಗೆ ತಿಳಿಯುವಷ್ಟು ಸ್ಪಷ್ಟವಾಗಿ ಕುದುರೆಗೂ ತಿಳಿಯುತ್ತಿತ್ತು, ಏಕೆಂದರೆ ಪ್ರತಿ ಗುದ್ದಿಗೂ ಅದರ ಬೆನ್ನು ಸ್ವಲ್ಪ ತಗ್ಗಿತು. ಈ ಜೀನಿನಲ್ಲಿ ಸುದ್ದಿ ಎರಡೂ ಕಡೆ ಹೋಗುತ್ತದೆ. ಮೈ ಹಗುರಾಗಿಸಿ ಕೂರಬಲ್ಲ ಸವಾರನಿಗೆ ಅದು ವರ. ನನ್ನಂಥವನು ಕೂತರೆ ಕುದುರೆಗೆ ಶಿಕ್ಷೆ.

ಇಳಿದ ಮೇಲೆ ಯಜಮಾನರು ಜೀನು, ಹಾಸು ಎರಡನ್ನೂ ತೆಗೆದು, “ಈಗ ನೋಡಿ” ಎಂದರು. ಬೆನ್ನೆಲ್ಲ ಬೆವರಿನಿಂದ ಕಪ್ಪಗೆ ಒದ್ದೆಯಾಗಿತ್ತು, ಆ ಸೆಕೆಗೆ ಆಗದೆ ಏನು. ಒದ್ದೆಯ ನಡುವೆ, ನಾನು ಕೂತ ಜಾಗದಲ್ಲಿ, ಅಂಗೈಯಗಲದ ಒಂದು ಒಣ ಕಲೆ. ಒತ್ತಡ ಅತಿಯಾದಲ್ಲಿ ಬೆವರೂ ಹೊರಬರುವುದಿಲ್ಲ. ಮಿಶಿಗನ್ನಿನ ಚಾಪೆ ಅಳೆದದ್ದನ್ನೇ ಅವರು ದಿನಾ ಕಣ್ಣಲ್ಲಿ ಓದುತ್ತಾರೆ. ಮತ್ತೆ ಏಣಿನ ಎರಡೂ ಬದಿಗೆ ಬೆರಳಿಟ್ಟು ಬಿಳಿ ಕೂದಲಿನ ಎರಡು ಮಚ್ಚೆ ತೋರಿಸಿದರು. ಹಿಂದೆ ಯಾರದೋ ಕೈಯಲ್ಲಿದ್ದಾಗ ಇಕ್ಕಟ್ಟಿನ ಚೌಕಟ್ಟು ಒತ್ತಿ ಗಾಯವಾದ ಜಾಗ. ಮಾಯ್ದ ಮೇಲೆ ಕೂದಲು ಬಿಳಿಯಾಗೇ ಹುಟ್ಟಿದೆ. “ಇದು ಮರದ ಜೀನಿನ ಕೆಲಸ. ಅದೂ ಸಾಧು ಅಲ್ಲ” ಎಂದರು. ಅವಳ ಮುಖ ಅರಳಿತು. ನ್ಯಾಯ ಕೊಡುವವರು ಎರಡೂ ಕಡೆಯ ಸಾಕ್ಷಿಯನ್ನು ಒಂದೇ ಬೆನ್ನಿನಿಂದ ಕರೆಸಿದ್ದರು.

ಕಾಪುವಿನಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೊರಟೆವು. ದಾರಿಯಲ್ಲೊಂದು ಗರಡಿ, ದೈವಗಳ ಗುಡಿ. ಒಳಗೆ ಬೆರ್ಮೆರು ಕುದುರೆಯ ಮೇಲೆ. ಕುದುರೆಯೇ ನಿಲ್ಲದ ನಾಡಿನಲ್ಲಿ ದೈವಗಳೆಲ್ಲಕ್ಕೂ ಹಿರಿಯನಾದವನು ಕುದುರೆ ಏರಿದ್ದಾನೆ. ಅರಸನ ಬಳಿ ಮಾತ್ರ ಇದ್ದ ಪ್ರಾಣಿ ದೇವರಿಗೆ ಸಂದದ್ದು ಸಹಜವೇ ಇರಬೇಕು. ನಾನು ಬಗ್ಗಿ ನೋಡಿದ್ದು ಜೀನನ್ನು. ಬಣ್ಣದಲ್ಲಿ ಬರೆದ ಕೆಂಪು ಬಟ್ಟೆ, ಹಳದಿ ಅಂಚು, ಅಷ್ಟೆ. ಬೆರ್ಮೆರಿಗೆ ಭಾರವಿಲ್ಲ.

ಕಾರ್ಕಳದ ಹತ್ತಿರ ಒಂದು ಗದ್ದೆಯಲ್ಲಿ ಕುದಿ ಕಂಬಳ ನಡೆದಿತ್ತು. ಮೀಯಾರಿನ ಲವ-ಕುಶ ಕಂಬಳಕ್ಕೆ ಕೋಣಗಳನ್ನು ಪಳಗಿಸುವ ಅಭ್ಯಾಸದ ಓಟ. ಇಷ್ಟು ವರ್ಷ ಕಂಬಳದಲ್ಲಿ ಓಟ ನೋಡಿದ್ದೆ, ಈ ಸಲ ನೊಗ ನೋಡಿದೆ. ಕೋಣದ ಕತ್ತಿಗೆ ತಾಗುವ ಕಡೆ ಮರವನ್ನು ನಯವಾಗಿ ಕೆತ್ತಿ, ಅಡಿಗೆ ಬಟ್ಟೆ ಸುತ್ತಿದ್ದಾರೆ. ಬೆನ್ನ ಮೇಲೆ ಯಾರೂ ಕೂರುವುದಿಲ್ಲ. ಮನುಷ್ಯ ಹಿಂದೆ: ಹಗ್ಗ ಹಿಡಿದು ಓಡುತ್ತಾನೆ, ಇಲ್ಲವೇ ಅಡ್ಡಹಲಗೆಯ ಮೇಲೆ ನಿಂತು ಕೆಸರಿನಲ್ಲಿ ಜಾರುತ್ತಾನೆ. ಕನೆಹಲಗೆಯಾದರೆ ಅದರ ತೂತುಗಳಿಂದ ನೀರು ಚಿಮ್ಮಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆ ಮುಟ್ಟಬೇಕು. ಪ್ರಾಣಿಗೂ ಮನುಷ್ಯನಿಗೂ ನಡುವೆ ಮರ ಎಲ್ಲಿರಬೇಕು, ಎಷ್ಟು ತಾಗಬೇಕು ಎಂಬ ಲೆಕ್ಕ ಈ ಊರಿಗೆ ಕುದುರೆಯಿಲ್ಲದೆಯೂ ಗೊತ್ತು.

ಗೊಮ್ಮಟಬೆಟ್ಟದ ಮೆಟ್ಟಿಲು ಹತ್ತುವಾಗ ಅಕ್ಕನ ಮಗಳು ಇನ್ನೂ ಒತ್ತಡದ ಮಾತೇ ಆಡುತ್ತಿದ್ದಳು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿ ಎದುರಿಗೆ ಬಂದಾಗ ಸುಮ್ಮನಾದಳು. ಆಮೇಲೆ ಕೇಳಿದಳು, “ಇದನ್ನು ಮೇಲೆ ಹೇಗೆ ತಂದ್ರು ಮಾಮ?” ಬೇರೆಡೆ ಕಡೆದು, ಇಪ್ಪತ್ತು ಗಾಲಿಯ ಬಂಡಿಯಲ್ಲಿ ಏರಿಸಿದರೆಂದು ಹಿಂದಿನಿಂದ ಬಂದ ಮಾತು. ಅದು ಎಷ್ಟರಮಟ್ಟಿಗೆ ನಿಜವೋ, ಇದೇ ಕಾರ್ಕಳದಲ್ಲಿ ನಡೆದ ಇನ್ನೊಂದು ಸಾಗಾಟ ಜನರ ಕಣ್ಣಮುಂದಿನದು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಇಲ್ಲಿ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಹೋದದ್ದು 64 ಗಾಲಿಗಳ ಟ್ರಾಲಿಯ ಮೇಲೆ. ನೂರು ಟನ್ನಿಗೂ ಮಿಕ್ಕಿದ ಕಲ್ಲು, ಅದರಡಿ ಹಳ್ಳಿಯ ರಸ್ತೆ, ಸೇತುವೆಗಳು. ಭಾರವನ್ನು ಕಡಿಮೆ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಅದು ನೆಲವನ್ನು ಮುಟ್ಟುವ ಜಾಗಗಳನ್ನು ಹೆಚ್ಚು ಮಾಡಿದರು. ಗಾಲಿ ನಾಲ್ಕೇ ಆಗಿದ್ದರೆ ರಸ್ತೆ ಬಾಯಿಬಿಡುತ್ತಿತ್ತು. ಅಂಗೈಯಗಲದ ಒಣ ಕಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತೆಂದು ಕಾಣುತ್ತದೆ, ಅವಳು ನನ್ನನ್ನು ನೋಡಿ ನಕ್ಕಳು.

ಬೆಟ್ಟದ ಮೇಲೆ ಗಾಳಿ ಚೆನ್ನಾಗಿತ್ತು. ಎದುರಿಗೆ ಚತುರ್ಮುಖ ಬಸದಿ, ಆಚೆ ಆನೆಕೆರೆ. ಪಶ್ಚಿಮಘಟ್ಟದ ಗೋಡೆ ನೀಲಿಯಾಗಿ ನಿಂತಿತ್ತು. ಹೋರ್ಮುಜ್‌ನ ಕುದುರೆಗಳು ವಾರಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಹೊಯ್ದಾಡಿ ಬಂದು, ಇಂಥದೇ ಗೋಡೆ ಹತ್ತಬೇಕಿತ್ತು. ನುನಿಜ್‌ನ ಲೆಕ್ಕದಲ್ಲಿ ವಿಜಯನಗರದ ಅರಸ ವರ್ಷಕ್ಕೆ ಕೊಳ್ಳುತ್ತಿದ್ದದ್ದು 13,000. ಆ ಬೆನ್ನುಗಳನ್ನು ಯಾರು ನೋಡಿಕೊಂಡರೋ, ಜೀನು ಹೊಲಿದವರು ಯಾರೋ. ರಾಜರ ಹೆಸರಿದೆ, ವ್ಯಾಪಾರಿಗಳ ಹೆಸರೂ ಇದೆ. ನನಗೆ ಆ ಜೀನುಗಾರರ ಹೆಸರು ಬೇಕಿತ್ತು.

ಹತ್ತಿರವೇ ಇದೆಯೆಂದು ಮೂಡುಬಿದಿರೆಗೂ ಹೋದೆವು. ಚೌಟರ ಅರಮನೆಯ ಮರದ ಕಂಬದಲ್ಲಿ ಪಂಚನಾರೀ ತುರಗವಿದೆ. ಐವರು ಹೆಂಗಸರು ಮೈಗೆ ಮೈ ಹೆಣೆದುಕೊಂಡು ಕುದುರೆಯಾಗಿದ್ದಾರೆ. ದೂರದಿಂದ ಕುದುರೆ, ಹತ್ತಿರ ಹೋದರೆ ಕೈ, ಕಾಲು, ಜಡೆ. ಎಲ್ಲಿ ಒಬ್ಬಳು ಮುಗಿದು ಇನ್ನೊಬ್ಬಳು ಶುರುವಾಗುತ್ತಾಳೆಂದು ಬೆರಳಿಟ್ಟು ಹುಡುಕುತ್ತ ಇಬ್ಬರೂ ಬಹಳ ಹೊತ್ತು ನಿಂತೆವು. ಕಡೆದವನ ಕೈಗೆ ನಮಸ್ಕಾರ. ಅಷ್ಟಾಗಿ ಅವಳ ಕಣ್ಣು ಹೋದದ್ದು ಬೆನ್ನಿಗೆ. “ಈ ಬೆನ್ನಿಗೆ ಯಾವ ಅಳತೆಯ ಜೀನೂ ಕೂರುದಿಲ್ಲ ಬಿಡಿ” ಎಂದಳು.

ಮರಳುವ ಬಸ್ಸಿನಲ್ಲಿ ಅವಳು ಕಾಪುವಿಗೆ ಫೋನು ಮಾಡಿದಳು. ಪ್ರವಾಸಿಗರಿಗೆ ಹಳೆಯದೇ ಇರಲಿ, ತಟ್ಟಿಗಂತೂ ಹೊಸದು ಬೇಡ. ರೇಸಿನ ಕುದುರೆಗೆ ಮಾತ್ರ, ತಾನೊಬ್ಬಳೇ ಕೂರುವಾಗ, ಅರ್ಧ ಗಂಟೆ, ನಡಿಗೆಯಲ್ಲಿ ಮಾತ್ರ. ಅಡಿಗೆ ಇನ್ನೂ ಅಗಲದ ಪಟ್ಟೆಯ ಹಾಸು ತರಿಸುತ್ತೇನೆ ಎಂದಳು. ಎರಡು ಬಿಳಿ ಮಚ್ಚೆಯ ಜಾಗಕ್ಕೆ ಹಳೆಯ ಜೀನಿನ ಕಮಾನು ತಾಗುತ್ತದೆಯೇ ನೋಡಿ ಎಂದೂ ಸೇರಿಸಿದಳು. ಆ ಕಡೆಯವರ ದನಿ ಬಸ್ಸಿನ ಸದ್ದಿನಲ್ಲೂ ನನಗೆ ಕೇಳಿಸಿತು.

“ಆಯ್ತು ಮೇಡಂ. ನೀವು ಯಾವುದ್ರಲ್ಲಿ ಬೇಕಾದ್ರೂ ಕೂತ್ಕೊಳ್ಳಿ. ಇಳಿದ ಮೇಲೆ ಬೆವರು ನಾನು ನೋಡ್ತೇನೆ. ಮತ್ತೆ ಆ ಮಾಮನವ್ರನ್ನು ಇನ್ನೊಮ್ಮೆ ಕರ್ಕೊಂಡು ಬಂದ್ರೆ, ಮರದ್ದರಲ್ಲೇ ಕೂರಿಸುದು, ಆಯ್ತಾ?”